ಗೆರೆ ಸರಪಳಿಯದು, ಚಿತ್ರ ಉಪಗ್ರಹದ್ದು

ಕ್ಲೋಸ್‌ಪೇಟೆ ರಾಮನಗರವಾಯಿತು, ಕಾನಕಾನಹಳ್ಳಿ ಕನಕಪುರವಾಯಿತು. 2007ರಲ್ಲಿ ಇವೆರಡರ ಜೊತೆ ಚನ್ನಪಟ್ಟಣ, ಮಾಗಡಿ ಸೇರಿ ಹೊಸ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದೇ ಜಿಲ್ಲೆ ಬೆಂಗಳೂರು ದಕ್ಷಿಣವೂ ಆಯಿತು. ಮೇಲೆ ಇಷ್ಟೆಲ್ಲ ಬದಲಾದರೂ ಊರೂರ ನಡುವಿನ ಗಡಿ ಬಹುಮಟ್ಟಿಗೆ ಮೈಸೂರು ಸಂಸ್ಥಾನದ ಸರ್ವೆಯವರು ಗೊತ್ತುಮಾಡಿದ್ದೇ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದಾಗ ಉಪಗ್ರಹ ಚಿತ್ರದ ಮೇಲೆ ಕಾಣುವ ಗೆರೆಯೂ ಅದೇ.

ಈ ಸೀಮೆಯ ಅಳತೆಯ ಕಥೆ ಸಾವನದುರ್ಗದ ನೆತ್ತಿಯಿಂದ ಹೇಳಬಹುದು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಬ್ರಿಟಿಷ್ ಸರ್ವೆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ. ಅವನ ತ್ರಿಕೋನಗಳಿಗೆ ಸಾವನದುರ್ಗವೂ ಒಂದು ನೆಲೆಯಾಯಿತು. ಅದು ಬೆಟ್ಟದಿಂದ ಬೆಟ್ಟಕ್ಕೆ ಹಿಡಿದ ಅಳತೆ. ಹೊಲದೊಳಕ್ಕೆ ಅಳತೆ ಇಳಿದದ್ದು 1863ರಲ್ಲಿ ಮೈಸೂರಿನ ಕಂದಾಯ ಸರ್ವೆ ಶುರುವಾದ ಮೇಲೆ. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಗುಂಟೆ. ಬದುವಿನ ಗುಂಟ ನಡೆದು, ಬಾಂದುಕಲ್ಲು ನೆಟ್ಟು, ಟಿಪ್ಪಣಿ ಬರೆದು, ಊರಿಗೊಂದು ನಕಾಶೆ ಮಾಡಿದರು. ಬಿಸಿಲಲ್ಲಿ ಸರಪಳಿ ಹಿಡಿದ ಆ ಕೆಲಸಗಾರರ ಹೆಸರು ಯಾವ ನಕಾಶೆಯ ಮೇಲೂ ಇಲ್ಲ. ನಾವಿನ್ನೂ ಅವರ ಶ್ರಮದ ಮೇಲೇ ನಿಂತಿದ್ದೇವೆ.

ಏಕೆಂದರೆ ಉಪಗ್ರಹಕ್ಕೆ ಗ್ರಾಮದ ಗಡಿ ಕಾಣುವುದಿಲ್ಲ. ಕೆರೆ ಏರಿ, ರಸ್ತೆ, ಬದು, ಬಂಡೆ ಕಾಣುತ್ತವೆ. ಎರಡು ಹೊಲಗಳ ನಡುವಿನ ಬದು ಎರಡು ಊರುಗಳ ಗಡಿಯೂ ಹೌದೇ ಎಂಬುದನ್ನು ನಕಾಶೆಯೇ ಹೇಳಬೇಕು. ಹಾಗಾಗಿ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ತಂತ್ರಜ್ಞರು ಹಳೆಯ ಗ್ರಾಮ ನಕಾಶೆಗಳನ್ನು ಸ್ಕ್ಯಾನ್ ಮಾಡಿ, ಚಿತ್ರದಲ್ಲೂ ಕಾಗದದಲ್ಲೂ ಸಿಗುವ ಗುರುತುಗಳನ್ನು ಒಂದಕ್ಕೊಂದು ಹೊಂದಿಸುತ್ತ ಹೋದರು. 2018ರಲ್ಲಿ ಜನರ ಕೈಗೆ ಬಂದ ದಿಶಾಂಕ್ ಆ ಕೆಲಸದ ಫಲ.

ಹೊಂದಿಸುವುದು ಸುಲಭವಲ್ಲ. ಕಾಗದ ಕುಗ್ಗಿರುತ್ತದೆ, ಮಡಿಕೆಯಲ್ಲಿ ಹರಿದಿರುತ್ತದೆ. ಒಂದೊಂದು ಊರನ್ನೂ ಬೇರೆಬೇರೆಯಾಗಿ ಅಳೆದದ್ದರಿಂದ ಅಕ್ಕಪಕ್ಕದ ನಕಾಶೆ ಇಟ್ಟರೆ ಒಂದೆಡೆ ಸಂದು, ಇನ್ನೊಂದೆಡೆ ಒಂದರ ಮೇಲೊಂದು. ನಕಾಶೆಯ ಪ್ರಮಾಣ 1:7920. ಅರ್ಧ ಮಿಲಿಮೀಟರ್ ಮಸಿಗೆರೆ ನೆಲದ ಮೇಲೆ ಸುಮಾರು 4 ಮೀಟರ್. 2005ರಲ್ಲಿ ಹಾರಿದ ಕಾರ್ಟೊಸ್ಯಾಟ್-1 ಉಪಗ್ರಹದ ಚಿತ್ರ ಎರಡೂವರೆ ಮೀಟರ್‌ನಷ್ಟು ಸೂಕ್ಷ್ಮ. ಅಂದರೆ ಗೆರೆಯೇ ಚಿತ್ರಕ್ಕಿಂತ ದಪ್ಪ! ರಾಮನಗರದ ಬಂಡೆಗಳು ಕದಲುವುದಿಲ್ಲ, ಒಳ್ಳೆಯ ಗುರುತು. ಚನ್ನಪಟ್ಟಣದ ತೆಂಗಿನ ತೋಟದಲ್ಲಿ ಗರಿಗಳ ಕೆಳಗೆ ಬದು ಮರೆ. 1946ರ ಕಣ್ವ ಜಲಾಶಯದ ನೀರಿನಡಿ ಹಳೆಯ ಹೊಲಗಳೇ ಮುಳುಗಿವೆ. ಬಿಡದಿ, ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಗಳಲ್ಲಿ ಬದುಗಳೇ ಸಮತಟ್ಟಾಗಿವೆ.

ಗೆರೆಯ ಈ ವ್ಯತ್ಯಾಸದ ಬಿಸಿ ತಟ್ಟುವುದು ಗೋಮಾಳದ ಅಂಚಿನಲ್ಲಿ, ಕಾಡಂಚಿನಲ್ಲಿ ಉಳುವವರಿಗೆ. ಬೆಂಗಳೂರಿನ ಪಕ್ಕದ ಈ ನೆಲದಲ್ಲಿ 4 ಮೀಟರ್ ಎಂದರೆ ಸಣ್ಣದಲ್ಲ. ಆದ್ದರಿಂದಲೇ ಮರುಸರ್ವೆ ಅಗತ್ಯವೆಂದು ನಾನು ನಂಬುತ್ತೇನೆ. ಸರ್ಕಾರ ಡ್ರೋನ್ ಅಳತೆಗೆ ಆಯ್ದ ಜಿಲ್ಲೆಗಳಲ್ಲಿ ರಾಮನಗರವೂ ಸೇರಿತು. ಮರುಸರ್ವೆಯ ಪ್ರಯೋಗಕ್ಕೆ ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿಯನ್ನು ಆರಿಸಿಕೊಂಡರು. ಡ್ರೋನಿನ ಚಿತ್ರದಲ್ಲಿ ಬದುವಿನ ಮೇಲಿನ ಕಲ್ಲೂ ಎಣಿಕೆಗೆ ಸಿಗುತ್ತದೆ. ಆದರೂ ಯಾವ ಕಲ್ಲು ಯಾರು ನೆಟ್ಟಿದ್ದು ಎಂದು ಹೇಳಲು ಊರ ಹಿರಿಯರೇ ಬೇಕು. ಅವರು ಇರುವಾಗಲೇ ಈ ಕೆಲಸ ಮುಗಿಯಬೇಕು. ಅಲ್ಲಿಯವರೆಗೆ ದಿಶಾಂಕ್‌ನ ಗೆರೆ ಮಾಹಿತಿಗಷ್ಟೇ. ತಕರಾರು ಬಂದರೆ ಗಡಿ ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಹಾಕಬೇಕು, ಪಕ್ಕದ ಹೊಲದವರಿಗೆ ನೋಟಿಸ್ ಹೋಗಬೇಕು, ಸರ್ವೆಯವರು ಟಿಪ್ಪಣಿ ಹಿಡಿದು ಸ್ಥಳಕ್ಕೇ ಬರಬೇಕು.