ಬೆಳಕು ತಗ್ಗಿಸಿದರೆ ಕಾಣುವ ಜೀವಕೋಶ

ಸೂಕ್ಷ್ಮದರ್ಶಕದ ಮೂಲಕ ಫೋಟೊ ತೆಗೆಯಲು ಹೊರಟವರು ಮೊದಲು ಕೇಳುವುದು, ಅದು ಎಷ್ಟು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ ಎಂದು. ಚಿತ್ರ ಗೆಲ್ಲುವುದು, ಸೋಲುವುದು ಅದರಿಂದಲ್ಲ. ನೋಡುವ ವಸ್ತು ಎಷ್ಟು ತೆಳ್ಳಗಿದೆ, ಅದರೊಳಗೆ ಬೆಳಕು ಹೇಗೆ ಹಾಯುತ್ತದೆ ಎಂಬುದೇ ಮುಖ್ಯ. ಕಾಲೇಜಿನ ಲ್ಯಾಬಿನಲ್ಲಿರುವ ಸಾಧಾರಣ ಸೂಕ್ಷ್ಮದರ್ಶಕ, ಒಂದು ಮೊಬೈಲು, ಒಂದು ಈರುಳ್ಳಿ ಇದ್ದರೆ ಕೆಲಸ ಶುರು ಮಾಡಬಹುದು.

ಈರುಳ್ಳಿಯ ಎಸಳಿನ ಒಳಮೈಯಿಂದ ಚಿಮಟದಲ್ಲಿ ಎಳೆದರೆ ಪಾರದರ್ಶಕ ಪೊರೆಯೊಂದು ಕಿತ್ತು ಬರುತ್ತದೆ. ಅದರ ದಪ್ಪ ಒಂದೇ ಜೀವಕೋಶದಷ್ಟು. ಸ್ಲೈಡಿನ ಮೇಲೆ ಹನಿ ನೀರಿನಲ್ಲಿ ಅದನ್ನು ಮಡಿಕೆಯಿಲ್ಲದಂತೆ ಹರಡಿ, ಕವರ್ ಸ್ಲಿಪ್ಪನ್ನು ಒಂದಂಚಿನಿಂದ ಓರೆಯಾಗಿ ಇಳಿಸಿ. ಅವಸರ ಮಾಡಿದರೆ ಗಾಳಿಗುಳ್ಳೆಗಳು ಸಿಕ್ಕಿಕೊಂಡು ದಪ್ಪ ಕಪ್ಪಂಚಿನ ಉಂಗುರಗಳಾಗಿ ಕಾಣುತ್ತವೆ. ಹೊಸಬರು ಅವನ್ನೇ ಜೀವಕೋಶವೆಂದು ತಿಳಿಯುವುದುಂಟು.

ಜೀವಕೋಶದಲ್ಲಿರುವುದು ಬಹುಪಾಲು ನೀರು. ದೀಪವನ್ನು ಪೂರ್ತಿ ತೆರೆದರೆ ಎಲ್ಲವೂ ಬಿಳಿಚಿಕೊಳ್ಳುತ್ತದೆ. ವೇದಿಕೆಯ ಕೆಳಗಿನ ಡಯಾಫ್ರಾಮನ್ನು ಸ್ವಲ್ಪ ಮುಚ್ಚಿದಾಗ ಕೋಶಭಿತ್ತಿಗಳು ಎದ್ದು ಬರುತ್ತವೆ. ತೀರಾ ಮುಚ್ಚಿದರೆ ಸೂಕ್ಷ್ಮ ವಿವರಗಳೇ ಅಳಿಸಿಹೋಗುತ್ತವೆ. ಏಕೆಂದರೆ ಮಸೂರ ಎಷ್ಟು ಅಗಲದ ಬೆಳಕಿನ ಶಂಕುವನ್ನು ಹಿಡಿಯುತ್ತದೋ ಅಷ್ಟು ಸಣ್ಣ ವಿವರ ಕಾಣುತ್ತದೆ. ಜರ್ಮನಿಯ ಅರ್ನ್ಸ್ಟ್ ಅಬ್ಬೆ 1873ರಲ್ಲಿ ತೋರಿಸಿಕೊಟ್ಟ ನಿಯಮವಿದು. ಇದರ ಪ್ರಕಾರ ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕದ ಮಿತಿ ಸುಮಾರು 0.2 ಮೈಕ್ರೋಮೀಟರ್. ಒಂದು ತೊಟ್ಟು ಅಯೋಡಿನ್ ಹಾಕಿದರೆ ಕೋಶಕೇಂದ್ರವೂ ಕಂದು ಚುಕ್ಕೆಯಾಗಿ ಕಾಣುತ್ತದೆ.

ಮೊಬೈಲು ಎಲ್ಲಿ ಹಿಡಿಯಬೇಕು? ಐಪೀಸಿನ ಮೇಲೆ ಬಿಳಿ ಕಾಗದ ಹಿಡಿದು ಮೇಲೆ ಕೆಳಗೆ ಆಡಿಸಿ. ಬೆಳಕಿನ ಬಿಲ್ಲೆ ಅತಿ ಚಿಕ್ಕದಾಗಿ, ಚೂಪಾಗಿ ಕಾಣುವಲ್ಲೇ ಕ್ಯಾಮೆರಾ ಮಸೂರವಿರಬೇಕು. ಬೆರಳ ಒತ್ತಿಗೆ ಚಿತ್ರ ಅಲುಗದಂತೆ ಟೈಮರ್ ಬಳಸಿ.

ದಾಸವಾಳದ ಪರಾಗ ಇನ್ನೊಂದು ಪಾಠ ಕಲಿಸುತ್ತದೆ. ಮುಳ್ಳು ತುಂಬಿದ ಆ ಗೋಳದ ಅಡ್ಡಗಲ 100 ಮೈಕ್ರೋಮೀಟರಿಗೂ ಹೆಚ್ಚು. 40 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ಒಮ್ಮೆಗೆ ಸ್ಪಷ್ಟವಾಗುವುದು ಒಂದೆರಡು ಮೈಕ್ರೋಮೀಟರ್ ಆಳ ಮಾತ್ರ. ಹೀಗಾಗಿ ಫೋಕಸಿನ ಸಣ್ಣ ತಿರುಪನ್ನು ಚೂರುಚೂರೇ ತಿರುಗಿಸುತ್ತ ಸಾಲು ಚಿತ್ರಗಳನ್ನು ತೆಗೆದು, ಸ್ಪಷ್ಟ ಭಾಗಗಳನ್ನಷ್ಟೇ ಕಂಪ್ಯೂಟರಿನಲ್ಲಿ ಜೋಡಿಸುತ್ತಾರೆ.

ಆದರೆ ನನ್ನ ಮಟ್ಟಿಗೆ ಆಲೂಗಡ್ಡೆಯ ಪಿಷ್ಟದಷ್ಟು ಚೆಂದದ್ದು ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಹೆಚ್ಚಿದ ಆಲೂಗಡ್ಡೆಯನ್ನು ಸ್ಲೈಡಿಗೆ ಸವರಿ, ನೀರು ಹನಿಸಿ. ದೀಪದ ಮೇಲೊಂದು, ಐಪೀಸಿನ ಮೇಲೊಂದು ಪೋಲರಾಯ್ಡ್ ಹಾಳೆ ಇಟ್ಟು ಒಂದನ್ನು ತಿರುಗಿಸುತ್ತ ಹೋಗಿ. ಹಿನ್ನೆಲೆ ಕಪ್ಪಾದಾಗ ಪ್ರತಿ ಕಣವೂ ಹೊಳೆಯುತ್ತದೆ, ಒಂದೊಂದರ ಮೇಲೂ ಕಪ್ಪು ಶಿಲುಬೆ! ಕಣದ ನಡುವಿನಿಂದ ಹೊರಕ್ಕೆ ಶಿಸ್ತಾಗಿ ಜೋಡಿಸಿಕೊಂಡ ಪಿಷ್ಟದ ಅಣುಗಳು ಬೆಳಕಿನ ಕಂಪನದ ದಿಕ್ಕನ್ನು ಬದಲಿಸುವುದರಿಂದ ಹೀಗಾಗುತ್ತದೆ. ಬೇಯಿಸಿದ ಆಲೂಗಡ್ಡೆಯಲ್ಲಿ ಶಿಲುಬೆ ಸಿಗದು. ನೀರು ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕಣಗಳು ಉಬ್ಬಿ ಆ ಜೋಡಣೆ ಮುರಿಯುತ್ತದೆ. ಬೇಯುವುದೆಂದರೇನು ಎಂಬುದಕ್ಕೆ ಹಸಿ, ಬೆಂದ ಎರಡು ಚಿತ್ರಗಳೇ ಸಾಕ್ಷಿ.

ಚಿತ್ರ ಎಷ್ಟೇ ಸುಂದರವಾಗಿರಲಿ, ಅಳತೆಯಿಲ್ಲದಿದ್ದರೆ ವಿಜ್ಞಾನಕ್ಕೆ ಅರ್ಧವಷ್ಟೇ ಉಪಯೋಗ. 4 ಪಟ್ಟಿನ ಆಬ್ಜೆಕ್ಟಿವ್ ಕೆಳಗೆ ಪಾರದರ್ಶಕ ಸ್ಕೇಲನ್ನಿಟ್ಟು, ಮೊಬೈಲಿನ ಜೂಮ್ ಬದಲಿಸದೆ ಒಂದು ಚಿತ್ರ ತೆಗೆಯಿರಿ. ಅಕ್ಕಪಕ್ಕದ ಎರಡು ಮಿಲಿಮೀಟರ್ ಗೆರೆಗಳ ನಡುವಿನ ದೂರ 1000 ಮೈಕ್ರೋಮೀಟರ್. ಅದೇ ಆಬ್ಜೆಕ್ಟಿವ್‌ನಲ್ಲಿ ತೆಗೆದ ಪ್ರತಿ ಚಿತ್ರಕ್ಕೂ ಆ ಲೆಕ್ಕದಲ್ಲಿ ಅಳತೆಗೆರೆ ಹಾಕಿ, ಜೊತೆಗೆ ವಸ್ತುವಿನ ಹೆಸರು, ದಿನಾಂಕ ಬರೆದಿಡಿ.