ಹೂತಿಟ್ಟ ಪೆಟ್ರೋಲಿನ ಗುಟ್ಟು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸಾಂಟಾ ಮೋನಿಕಾ ಎಂಬ ಕಡಲತಡಿಯ ನಗರವಿದೆ. ಅದಕ್ಕೆ ಬೇಕಾದ ಕುಡಿಯುವ ನೀರಿನಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟನ್ನು ಚಾರ್ನಾಕ್ ಎಂಬಲ್ಲಿಯ ಬಾವಿಗಳು ಒದಗಿಸುತ್ತಿದ್ದವು. 1996ರಲ್ಲಿ ಆ ಬಾವಿಗಳನ್ನು ಮುಚ್ಚಬೇಕಾಯಿತು. ಪೆಟ್ರೋಲಿಗೆ ಬೆರೆಸುತ್ತಿದ್ದ ಎಂ.ಟಿ.ಬಿ.ಇ. ಎಂಬ ರಾಸಾಯನಿಕವು ಬಂಕುಗಳ ನೆಲದಡಿಯ ಟ್ಯಾಂಕು, ಕೊಳವೆಗಳಿಂದ ಸೋರಿ ಅಂತರ್ಜಲವನ್ನು ಸೇರಿತ್ತು. ಅಲ್ಲಿಯ ನೀರು ಶುದ್ಧಿಗೊಂಡು ಮತ್ತೆ ಮನೆಗಳನ್ನು ಮುಟ್ಟಲು ಒಂದು ದಶಕಕ್ಕೂ ಮಿಕ್ಕಿ ಕಾಲ ಹಿಡಿಯಿತು.

ರಕ್ಷಣೆಯಿಲ್ಲದೆ ಹೂತ ಉಕ್ಕಿನ ಟ್ಯಾಂಕು ವರ್ಷಗಳು ಉರುಳಿದಂತೆ ತುಕ್ಕು ಹಿಡಿದು ತೂತಾಗುತ್ತದೆ. ಇದನ್ನರಿತು ಅಮೆರಿಕದ ಶಾಸನಸಭೆಯು 1984ರಲ್ಲಿ ಕಾನೂನು ಮಾಡಿತು; 1988ರಲ್ಲಿ ವಿವರವಾದ ನಿಯಮಗಳು ಬಂದವು. ಟ್ಯಾಂಕನ್ನು ಶಾಶ್ವತವಾಗಿ ಮುಚ್ಚುವ ಮುನ್ನ, ಸೋರಿಕೆಯ ಸಂಭವವು ಹೆಚ್ಚಾಗಿರುವ ಸ್ಥಳಗಳನ್ನು ಪರೀಕ್ಷಿಸಲೇಬೇಕೆಂಬುದು ಅವುಗಳಲ್ಲೊಂದು.

ಈ ಪರೀಕ್ಷೆಯು ನಡೆಯುವ ಬಗೆ ಕುತೂಹಲಕರವಾದುದು. ಮೊದಲು ಉಳಿದ ಪೆಟ್ರೋಲನ್ನು ಹೀರಿ ತೆಗೆದು, ಸ್ಫೋಟವಾಗದಂತೆ ಒಳಗಿನ ಆವಿಯನ್ನು ಹೋಗಲಾಡಿಸಿ, ಟ್ಯಾಂಕನ್ನು ಕ್ರೇನಿನಿಂದ ಮೇಲೆತ್ತುತ್ತಾರೆ. ಟ್ಯಾಂಕಿನ ಸುತ್ತ ತುಂಬಿದ್ದ ಸಡಿಲ ಮರಳಿನ ಕೆಳಗೆ, ಮೂಲ ನೆಲದಿಂದಲೇ ಮಾದರಿ ತೆಗೆಯಬೇಕು: ಟ್ಯಾಂಕಿನ ಎರಡು ತುದಿಗಳ ಅಡಿ, ಕೊಳವೆಯ ಕೂಡುಗಳ ಅಡಿ, ಪಂಪು ನಿಂತಿದ್ದ ಜಾಗ.

ವಾಸನೆ ನೋಡಿ ತಿಳಿಯಬಾರದೆ ಎಂದು ಯಾರಾದರೂ ಕೇಳಬಹುದು. ಮೂಗು ಸುಳಿವನ್ನಷ್ಟೇ ಕೊಟ್ಟೀತು, ಅಳತೆಯನ್ನು ಕೊಡಲಾರದು. ಪೆಟ್ರೋಲಿನಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತು. ಅಮೆರಿಕದಲ್ಲಿ ಒಂದು ಲೀಟರು ಕುಡಿಯುವ ನೀರಿನಲ್ಲಿ ಅದು 5 ಮೈಕ್ರೋಗ್ರಾಮನ್ನು ಮೀರಕೂಡದು. ಅದು ಬಹು ಬೇಗ ಆವಿಯಾಗುವಂಥದು ಸಹ. ಮಣ್ಣನ್ನು ಚೀಲಕ್ಕೆ ಸುರಿದು ಬಿಸಿಲಿನಲ್ಲಿಟ್ಟರೆ ವಿಷವು ಗಾಳಿಗೆ ಹಾರಿಹೋಗಿ, ಕೆಟ್ಟ ನೆಲಕ್ಕೂ ಒಳ್ಳೆಯ ವರದಿ ಸಿಕ್ಕೀತು! ಆದುದರಿಂದ ಆಗತಾನೆ ಕೆರೆದ ಮಣ್ಣನ್ನು ಸಣ್ಣ ನಳಿಕೆಯಿಂದ ತೆಗೆದು, ಮೆಥನಾಲ್ ಇರುವ ಸೀಸೆಗೆ ಕೂಡಲೇ ಹಾಕಿ, ಬಿಗಿಯಾಗಿ ಮುಚ್ಚಿ, ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಸೀಸೆ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದಕ್ಕೂ ರುಜು ಸಹಿತವಾದ ದಾಖಲೆಯಿರುತ್ತದೆ.

ಇಷ್ಟಾದರೂ ಮಣ್ಣೊಂದರ ಸಾಕ್ಷ್ಯ ಸಾಲದೆ ಹೋಗಬಹುದು. ಎಂ.ಟಿ.ಬಿ.ಇ. ಮಣ್ಣಿಗೆ ಅಂಟಿಕೊಳ್ಳುವುದು ಕಡಿಮೆ. ನೀರಿನಲ್ಲಿ ಸುಲಭವಾಗಿ ಕರಗಿ ಅದರೊಡನೆ ದೂರ ಸಾಗುತ್ತದೆ. ಗುಂಡಿಯ ಮಣ್ಣು ಶುದ್ಧವೆನಿಸಿದ ಹೊತ್ತಿಗೆ ಅದು ಯಾರದೋ ಬಾವಿಯತ್ತ ನಡೆದಿರಬಹುದು. ಅಂತರ್ಜಲವು ಸಮೀಪದಲ್ಲಿದ್ದರೆ ಅದನ್ನೂ ಪರೀಕ್ಷಿಸುವುದು ಇದೇ ಕಾರಣಕ್ಕೆ.

ಗುಂಡಿ ಮುಚ್ಚಿ ಮೇಲೆ ಕಟ್ಟಡ ಎದ್ದ ಬಳಿಕ ಮಾದರಿ ತೆಗೆಯುವುದು ದುಬಾರಿಯ ಕೆಲಸ. ಅಂಥ ನಿವೇಶನವನ್ನು ಕೊಳ್ಳುವ ಸಂಸಾರವಂತರು ‘ಪರೀಕ್ಷೆಯಾಗಿದೆ’ ಎಂಬ ಮಾತಿಗೆ ತೃಪ್ತರಾಗದೆ, ಮಾದರಿಯನ್ನು ಎಲ್ಲಿಂದ, ಎಷ್ಟು ಆಳದಿಂದ ತೆಗೆದರು, ನೀರನ್ನೂ ನೋಡಿದರೆ ಎಂಬುದನ್ನು ವರದಿಯಲ್ಲಿ ಓದಿಕೊಳ್ಳುವುದು ಲೇಸು.