ಉಪ್ಪುನೀರಿನ ಮಗ್ಗುಲಲ್ಲಿ ಭತ್ತ: ಬೇಸಿಗೆ ಕೊನೆಯ ಮಾಣಿಕಟ್ಟಾ

ಬಾವಿಯ ನೀರು ಕೊಂಚ ಸವುಳಾದರೆ ಸಾಕು, ಬಾಗೂರು, ಹೊಸದುರ್ಗದ ಕಡೆ ನಮಗೆ ದಿಗಿಲು. ಊರ ಮಗ್ಗುಲಿಗೇ ಸಮುದ್ರದ ನೀರು ಬಂದು ನಿಲ್ಲುವ ಕಡೆ ಒಕ್ಕಲುತನ ಹೇಗೆ ನಡೆದೀತು? ನೋಡುವ ಮನಸ್ಸಿದ್ದರೆ ಮೇ ಕೊನೆಯ ವಾರ ಶಿವಮೊಗ್ಗ, ಸಾಗರ, ಹೊನ್ನಾವರದ ದಾರಿ ಹಿಡಿದು ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಎಂಬ ಸಣ್ಣ ಹಳ್ಳಿಗೆ ಹೋಗಿ ಬನ್ನಿ.

ಅದು ಅಘನಾಶಿನಿ ನದಿಯ ಅಳಿವೆ. ದಿನಕ್ಕೆರಡು ಸಲ ಉಬ್ಬರದ ನೀರು ಏರಿ ಇಳಿಯುತ್ತದೆ. ಸುತ್ತ ಕಟ್ಟೆ ಹಾಕಿ, ನೀರು ಬಿಡಲು ಹಲಗೆಯ ಬಾಗಿಲು ಇಟ್ಟ ತಗ್ಗು ಗದ್ದೆಗೆ ಅಲ್ಲಿ ಗಜನಿ ಎನ್ನುತ್ತಾರೆ. ಅದರಲ್ಲಿ ಬೆಳೆಯುವುದು ಕಗ್ಗ ಎಂಬ ನಾಟಿ ಭತ್ತ. ಮುಂಗಾರಿನ ಮಳೆ ಗದ್ದೆಯ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಚೆಲ್ಲುತ್ತಾರೆ. ಗೊಬ್ಬರವಿಲ್ಲ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ, ನೀರು ತುಸು ಉಪ್ಪಾದರೂ ಪೈರು ತಡೆಯುತ್ತದೆ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ದಂಟು ಬಿಡುತ್ತಾರೆ. ಅದು ಕೊಳೆತು, ಉಬ್ಬರದ ಜೊತೆ ಒಳಬಂದ ಮೀನಿಗೂ ಸೀಗಡಿಗೂ (ಅಲ್ಲಿನವರ ಶೆಟ್ಲಿ) ಮೇವಾಗುತ್ತದೆ. ಒಂದೇ ಗದ್ದೆ, ಎರಡು ಬೆಳೆ!

ಬೇಸಿಗೆ ಕೊನೆಯಲ್ಲಿ ಅಲ್ಲಿ ನೋಡಬೇಕಾದುದು ಪೈರಲ್ಲ, ಕಟ್ಟೆ. ಮಳೆ ಹಿಡಿಯುವ ಮುನ್ನ ಮಣ್ಣು ಏರಿಸಿ ಬಿರುಕು ಮುಚ್ಚಬೇಕು. ಒಂದು ಕಡೆ ಒಡೆದರೆ ಒಬ್ಬನ ಪಾಲಲ್ಲ, ಇಡೀ ಬಯಲಿಗೆ ಉಪ್ಪುನೀರು ನುಗ್ಗುತ್ತದೆ. ಸೀಗಡಿಗೆ ಬೆಲೆ ಬಂದ ಮೇಲೆ ಅನೇಕ ಗಜನಿಗಳು ವರ್ಷವಿಡೀ ಅದಕ್ಕೇ ಮೀಸಲಾದವು. ಭತ್ತ ಬಿಟ್ಟ ಕಡೆ ಕಗ್ಗದ ಬೀಜವೂ ಹೋಯಿತು. ವರ್ಷವರ್ಷವೂ ಬಿತ್ತುವವರ ಮನೆಯಲ್ಲಷ್ಟೇ ಬೀಜ ಉಳಿಯುವುದಲ್ಲವೇ?

ಅದೇ ಅಳಿವೆಯ ಸಾಣಿಕಟ್ಟಾದಲ್ಲಿ ಇದೇ ವಾರ ಉಪ್ಪಿನವರ ಅವಸರ ಬೇರೆ. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಮಡಿಯಿಂದ ಮಡಿಗೆ ಹರಿಸಿ, ಬಿಸಿಲಿಗೆ ಇಂಗಿಸಿ, ಹರಳಾದುದನ್ನು ಬಾಚಿ ಗುಡ್ಡೆ ಹಾಕುತ್ತಾರೆ. ಒಂದು ಅಡ್ಡಮಳೆ ಬಿದ್ದರೆ ಮಡಿಯಲ್ಲಿದ್ದುದೆಲ್ಲ ಕರಗಿತು. ಮಳೆ ಬರಲೆಂದು ಒಬ್ಬರು, ತಡೆಯಲೆಂದು ಇನ್ನೊಬ್ಬರು ಒಂದೇ ಮುಗಿಲನ್ನು ನೋಡುವ ಊರುಗಳಿವು. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು.

ಕಗ್ಗದ ಬೀಜ ತಂದು ನಮ್ಮ ಸವುಳು ಹೊಲಕ್ಕೆ ಹಾಕಬಹುದೇ ಎಂದು ಕೇಳುವಿರಿ. ಬೇಡ. ಅಲ್ಲಿ ಉಪ್ಪು ತೊಳೆಯುವುದು 3,000 ಮಿಲಿಮೀಟರ್ ಮೀರುವ ಮಳೆ. ನಮ್ಮಲ್ಲಿ ಅದರ ಐದನೆಯ ಒಂದು ಪಾಲೂ ಕಷ್ಟ. ನಮ್ಮ ಸವುಳಿಗೆ ಮೊದಲ ಮದ್ದು ಬಸಿಗಾಲುವೆ. ಕರಾವಳಿಯ ಮುರಕಲ್ಲು ನೆಲದಲ್ಲಿ ತೆಂಗಿನ ಗುಂಡಿಗೆ ಉಪ್ಪು ಹಾಕುವುದುಂಟು, ನೆಲ ಸಡಿಲಾಗಲೆಂದು. ಸವುಳು ತೋಟದಲ್ಲಿ ಅದನ್ನೂ ಮಾಡಬೇಡಿ.

ಹೋದವರು ಕಗ್ಗದ ಅಕ್ಕಿ ಎರಡು ಸೇರು ಸಿಕ್ಕರೆ ತನ್ನಿ. ಜೂನ್ ಹಿಡಿದರೆ ಕಟ್ಟೆಯ ಮೇಲೆ ಕಾಲಿಡುವುದು ಕಷ್ಟ, ಮೊದಲೇ ಹೊರಡಿ.